ಹೂಮಳೆಗೆ ಮೊದಲು, ಹೂಮಳೆ ಬಿದ್ದ ಮೇಲೆ: ಮನೆತೋಟದ ಪ್ರಶ್ನೋತ್ತರ

ಕಾಫಿ ಕೊಯ್ಲು ಮುಗಿಯಿತು, ಕಣ ಖಾಲಿಯಾಯಿತು, ಈಗ ಎಲ್ಲರ ಕಣ್ಣು ಮೋಡದ ಮೇಲೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ಮನೆತೋಟದ ಕೆಲಸವನ್ನು ಕೊಡಗಿನಲ್ಲಿ ಹೂಮಳೆಯೇ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯೇ, ಎರಡು ಪಾಲು ಮಾಡುತ್ತದೆ. ಮಳೆ ಬೀಳುವ ತನಕ ಬೇರು ಕಾಯುವ ಕೆಲಸ, ಬಿದ್ದ ಮೇಲೆ ಗೊಬ್ಬರ ಮತ್ತು ನಾಟಿ. ಈ ಸಲ ಬಂದ ಪತ್ರಗಳಲ್ಲಿರುವ ತೊಂದರೆಗಳಲ್ಲಿ ಕೆಲವು ಈ ಎರಡು ಕೆಲಸ ಅದಲುಬದಲಾಗಿದ್ದರಿಂದಲೇ ಆದವು.

ಪ್ರಶ್ನೆ: ದಿನಾ ಸಂಜೆ ಪೈಪಿನಲ್ಲಿ ನೀರು ಬಿಡುತ್ತೇವೆ. ಆದರೂ ಬದನೆ, ಮೆಣಸಿನ ಗಿಡ ಮಧ್ಯಾಹ್ನಕ್ಕೆ ಜೋತು ಬೀಳುತ್ತವೆ. ಕುಂಡದ ಗುಲಾಬಿಗಳು ಎಲೆ ಉದುರಿಸಿ ಬೋಳಾಗುತ್ತಿವೆ. ಇನ್ನೂ ಎಷ್ಟು ನೀರು ಕೊಡಬೇಕು?
– ಓದುಗರು, ಕುಶಾಲನಗರ

ಉತ್ತರ: ನೀರು ಹೆಚ್ಚಿಸುವ ಮೊದಲು ಅದು ಎಲ್ಲಿಯವರೆಗೆ ಇಳಿಯುತ್ತಿದೆ ನೋಡಿ. ನೀರು ಹಾಕಿ ಒಂದು ಗಂಟೆ ಬಿಟ್ಟು, ಬುಡದಿಂದ ಒಂದು ಗೇಣು ದೂರದಲ್ಲಿ ಆರು ಅಂಗುಲ ಅಗೆಯಿರಿ. ಮೇಲಿನ ಎರಡು ಅಂಗುಲ ಒದ್ದೆ, ಕೆಳಗೆ ಪುಡಿಮಣ್ಣು ಎಂದಾದರೆ ನಿಮ್ಮ ನೀರು ಬೇರಿಗೆ ಸಿಗುತ್ತಲೇ ಇಲ್ಲ. ದಿನಾ ಚಿಮುಕಿಸುವ ನೀರಿಗೆ ಬೇರು ಮೇಲಕ್ಕೇ ಹರಡುತ್ತದೆ, ಮಾರ್ಚ್ ಬಿಸಿಲಿಗೆ ಮೊದಲು ಸುಡುವುದೂ ಆ ಬೇರೇ. ಬೆಳೆದ ಬದನೆ, ಮೆಣಸಿನ ಗಿಡಕ್ಕೆ ಎರಡು ಮೂರು ದಿನಕ್ಕೊಮ್ಮೆ ತಲಾ ನಾಲ್ಕು ಲೀಟರ್ ಬುಡಕ್ಕೆ ಕೊಡಿ. ಅದನ್ನೂ ಒಂದೇ ಸಲ ಸುರಿಯಬೇಡಿ. ಎರಡು ಲೀಟರ್ ಹಾಕಿ, ಇಂಗಿದ ಮೇಲೆ ಉಳಿದ ಎರಡು. ಬೆಳಿಗ್ಗೆ ಎಂಟರೊಳಗೆ ಮುಗಿಸಿದರೆ ಉತ್ತಮ.

ಮಧ್ಯಾಹ್ನ ಬಾಡಿ ಸಂಜೆಗೆ ತಾನಾಗಿ ಎದ್ದು ನಿಲ್ಲುವ ಗಿಡಕ್ಕೆ ನೀರಿನ ಕೊರತೆಯಿಲ್ಲ, ಅದು ಬಿಸಿಲಿಗೆ ಎಲೆ ಇಳಿಬಿಟ್ಟಿದೆ ಅಷ್ಟೆ. ಮುಂಜಾನೆಯೂ ಬಾಡಿಯೇ ಇದ್ದು ಮಣ್ಣು ಒಣಗಿದ್ದರೆ ನೀರು ಬೇಕು. ಮಣ್ಣು ಒದ್ದೆಯಿದ್ದೂ ಬಾಡಿದರೆ ಸೊರಗು ರೋಗದ ಸಂಶಯ. ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬುಡದ ಹತ್ತಿರ ಕಾಂಡವನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟು ಅಲುಗಾಡಿಸದೆ ಐದು ನಿಮಿಷ ನೋಡಿ. ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾದ ಸೊರಗು. ಅದಕ್ಕೆ ಔಷಧಿ ಹುಡುಕಬೇಡಿ. ಗಿಡವನ್ನು ಬೇರುಸಮೇತ ಕಿತ್ತು ಸುಡಿ, ಆ ಮಡಿಯಲ್ಲಿ ಕೆಲವು ವರ್ಷ ಬದನೆ, ಟೊಮೆಟೊ, ಮೆಣಸು ಹಾಕಬೇಡಿ.

ಕುಂಡದ ವಿಷಯ ಬೇರೆ. ಒಣಗಿದ ಕುಂಡದ ಮಣ್ಣು ಕುಗ್ಗಿ ಅಂಚಿನಿಂದ ಬಿಟ್ಟುಕೊಂಡಿರುತ್ತದೆ. ನೀರು ಆ ಸಂದಿನಿಂದ ಸರ್ರನೆ ಇಳಿದು ತಳದ ತೂತಿನಲ್ಲಿ ಹೊರಬರುತ್ತದೆ. ನೋಡಿದವರಿಗೆ ಕುಂಡ ತುಂಬ ನೆನೆದಂತೆ ಕಾಣುತ್ತದೆ, ನಡುವಿನ ಬೇರುಗಡ್ಡೆ ಮಾತ್ರ ಒಣಕಲು. ಕುಂಡವನ್ನು ಬಕೆಟ್ ನೀರಿನಲ್ಲಿ ಅಂಚಿನವರೆಗೆ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವ ತನಕ ಇಟ್ಟು ತೆಗೆಯಿರಿ. ಆಮೇಲೆ ಆ ಸಂದಿಗೆ ಮಣ್ಣು ತುಂಬಿ ಒತ್ತಿ.

ಗುಲಾಬಿ ಎಲೆಯ ಅಡಿಭಾಗವನ್ನೂ ನೋಡಿ. ನವಿರಾದ ಬಲೆ, ಕೆಂಪು ಚುಕ್ಕಿಗಳು ಕಂಡರೆ ಅದು ಕೆಂಪು ನುಸಿ. ಮೂರು ದಿನ ಬೆಳಿಗ್ಗೆ ಎಲೆಯ ಅಡಿಗೆ ನೀರನ್ನು ಜೋರಾಗಿ ಹಾಯಿಸಿದರೆ ಬಹುಪಾಲು ತೊಳೆದುಹೋಗುತ್ತದೆ. ಉಳಿದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ಬೆರೆಯಲು 1 ಮಿಲಿ ಸೋಪಿನ ದ್ರಾವಣ ಹಾಕಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಎಣ್ಣೆ ಹೊಡೆದ ಎರಡು ಮೂರು ವಾರದೊಳಗೆ ಗಂಧಕ ಹೊಡೆಯಬೇಡಿ, ಎರಡೂ ಸೇರಿದರೆ ಎಲೆ ಸುಡುತ್ತದೆ.

ಪ್ರಶ್ನೆ: ಮಿಲ್ಲಿನಿಂದ ತಂದ ಕಾಫಿ ಹೊಟ್ಟು ರಾಶಿ ಇದೆ. ತರಕಾರಿ ಮಡಿಗೆ ಹೊದಿಕೆಯಾಗಿ ಹಾಕಬಹುದೇ?
– ಓದುಗರು, ಸುಂಟಿಕೊಪ್ಪ

ಉತ್ತರ: ಹಸಿಯಾಗಿ ಹಾಕಬೇಡಿ. ಹೊಸ ಹೊಟ್ಟು ನೆನೆದರೆ ಬಿಸಿಯಾಗುತ್ತದೆ, ಕೊಳೆಯುವಾಗ ಮಣ್ಣಿನ ಸಾರಜನಕವನ್ನೂ ಎಳೆದುಕೊಳ್ಳುತ್ತದೆ. ಎಳೆಗಿಡ ಹಳದಿಯಾಗುವುದು ಅದಕ್ಕೇ. ಸಗಣಿ ನೀರು ಚಿಮುಕಿಸುತ್ತ, ತಿಂಗಳಿಗೊಮ್ಮೆ ಮಗುಚುತ್ತ ನಾಲ್ಕೈದು ತಿಂಗಳು ಕೊಳೆಸಿ. ಕೈಯಲ್ಲಿ ಹಿಡಿದರೆ ತಣ್ಣಗಿದ್ದು, ಹುಳಿ ವಾಸನೆ ಹೋಗಿ, ಮಣ್ಣಿನ ವಾಸನೆ ಬಂದಾಗ ಬಳಸಿ. ಈಗಿನ ಹೊದಿಕೆಗೆ ಮರದಡಿಯ ತರಗೆಲೆಯೇ ಸಾಕು. ನಾಲ್ಕು ಅಂಗುಲ ದಪ್ಪ ಹರಡಿ, ಕಾಂಡದ ಸುತ್ತ ಅರ್ಧ ಗೇಣು ಜಾಗ ಬಿಡಿ. ಕಾಂಡಕ್ಕೆ ತಾಗಿಸಿದರೆ ಗೆದ್ದಲು ನೇರವಾಗಿ ಹತ್ತುತ್ತದೆ. ತರಗು ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ, ಈ ಸೆಕೆಗೆ ಹಾವು ಅಲ್ಲೇ ತಂಪು ಹುಡುಕಿಕೊಂಡಿರುತ್ತದೆ.

ಪ್ರಶ್ನೆ: ಹೀರೆ ಬಳ್ಳಿ ಚಪ್ಪರ ತುಂಬಿದೆ. ಮಿಡಿ ಬೆರಳುದ್ದ ಆಗಿ ಹಳದಿಯಾಗಿ ಉದುರುತ್ತದೆ. ಉಳಿದವು ಸೊಟ್ಟಗೆ ಬೆಳೆದು ಒಳಗೆ ಹುಳ. ಬೆಳಿಗ್ಗೆ ಕೈಯಿಂದ ಪರಾಗ ಮುಟ್ಟಿಸಿಯೂ ನೋಡಿದೆವು.
– ಓದುಗರು, ಪೊನ್ನಂಪೇಟೆ

ಉತ್ತರ: ನಿಮ್ಮ ಶ್ರಮ ಹೊತ್ತು ತಪ್ಪಿ ವ್ಯರ್ಥವಾಗಿದೆ. ಸೌತೆ, ಹಾಗಲ, ಕುಂಬಳದ ಹೂ ಬೆಳಿಗ್ಗೆ ಅರಳುತ್ತವೆ. ಹೀರೆ ಮತ್ತು ಸೋರೆಯ ಹೂ ಅರಳುವುದು ಸಂಜೆ. ಮರುದಿನ ಬೆಳಿಗ್ಗೆ ನೀವು ಹೋಗುವಾಗ ಹೀರೆ ಹೂವಿನ ಸಮಯ ಮೀರಿರುತ್ತದೆ. ಸಂಜೆ ಐದರಿಂದ ಏಳರೊಳಗೆ ಹೋಗಿ. ಗೊಂಚಲಲ್ಲಿ ಬರುವುದು ಗಂಡು ಹೂ. ಒಂಟಿಯಾಗಿ, ಹಿಂದೆ ಪುಟ್ಟ ಹೀರೆಯನ್ನೇ ಹೊತ್ತು ಬರುವುದು ಹೆಣ್ಣು. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಕೇಸರವನ್ನು ಹೆಣ್ಣು ಹೂವಿನ ನಡುವೆ ನಿಂತ ಶಲಾಕೆಯ ತುದಿಗೆ ಮೆಲ್ಲಗೆ ಸುತ್ತಲೂ ಸವರಿ. ಬೆರಳಿಗೆ ಹಳದಿ ಪುಡಿ ಅಂಟಿದರೆ ಪರಾಗ ಬಲಿತಿದೆ ಎಂದರ್ಥ. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು. ಪರಾಗ ಸಿಕ್ಕದ ಮಿಡಿ ನಾಲ್ಕು ದಿನದೊಳಗೆ ತುದಿಯಿಂದ ಹಳದಿಯಾಗುತ್ತದೆ, ಸಿಕ್ಕಿದ್ದು ಹಸಿರಾಗಿಯೇ ಉದ್ದವಾಗುತ್ತದೆ.

ಬಳ್ಳಿ ಬರೀ ಸೊಂಪಾಗಿ ಬೆಳೆದು ಗಂಡು ಹೂವೇ ಹೆಚ್ಚಿದ್ದರೆ ಸಾರಜನಕ ಹೆಚ್ಚಾಗಿದೆ. ಯೂರಿಯಾ, ಸಗಣಿ ಬಗ್ಗಡ ನಿಲ್ಲಿಸಿ, ಗಿಡಕ್ಕೊಂದು ಹಿಡಿ ಒಲೆಬೂದಿ ಕೊಡಿ.

ಸೊಟ್ಟಗಾಗುವುದು ಹಣ್ಣುನೊಣದ ಕೆಲಸ. ಎಳೆಮಿಡಿಯ ಸಿಪ್ಪೆಯಲ್ಲಿ ಸೂಜಿ ಚುಚ್ಚಿದಂಥ ತೂತು, ಅದರ ಬಾಯಲ್ಲಿ ಕಂದು ಅಂಟು ಕಾಣುತ್ತದೆ. ಮೊಟ್ಟೆಯಿಟ್ಟ ಕಡೆ ಬೆಳವಣಿಗೆ ನಿಂತು, ಉಳಿದ ಕಡೆ ಬೆಳೆಯುವುದರಿಂದ ಕಾಯಿ ಬಾಗುತ್ತದೆ. ಮನೆತೋಟಕ್ಕೆ ಅತ್ಯಂತ ಖಚಿತ ಉಪಾಯ ಮಿಡಿಗೆ ಚೀಲ ತೊಡಿಸುವುದು. ಕಾಯಿ ಕಚ್ಚಿದ ಎರಡು ಮೂರು ದಿನದೊಳಗೆ, ನೊಣ ಚುಚ್ಚುವ ಮೊದಲೇ, ಎರಡೂ ಬದಿ ತೆರೆದ ನ್ಯೂಸ್‌ಪೇಪರ್ ಕೊಳವೆಯಲ್ಲ, ತಳ ಮುಚ್ಚಿದ ಉದ್ದನೆಯ ಬಟ್ಟೆ ಅಥವಾ ಕಾಗದದ ಚೀಲ ತೊಡಿಸಿ ತೊಟ್ಟಿನ ಬಳಿ ಸಡಿಲವಾಗಿ ಕಟ್ಟಿ. ಬಲೆ ಕಟ್ಟುವುದಾದರೆ ಅಂಗಡಿಯಲ್ಲಿ ಕ್ಯೂ-ಲೂರ್ ಎಂದು ಕೇಳಿ. ಮಾವಿನ ನೊಣಕ್ಕೆಂದು ಮಾರುವ ಮೀಥೈಲ್ ಯೂಜಿನಾಲ್ ಬಲೆಗೆ ಬಳ್ಳಿ ತರಕಾರಿಯ ನೊಣ ಬರುವುದಿಲ್ಲ. ಈ ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ. ಹುಳ ಬಿದ್ದ ಕಾಯನ್ನು ಗೊಬ್ಬರಗುಂಡಿಗೆ ಎಸೆಯಬೇಡಿ. ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ನಿಮ್ಮ ಚಪ್ಪರಕ್ಕೇ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವಾರವಿಡೀ ಬಿಸಿಲಿಗಿಡಿ.

ಕೀಟನಾಶಕದ ಮಾತೇ ಬೇಡ, ಅದೂ ಈ ತಿಂಗಳಲ್ಲಿ. ಹೂಮಳೆಯಾಗಿ ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ, ಹೆಜ್ಜೇನು, ತುಡುವೆ ಎಲ್ಲವೂ ಹೊರಗಿರುತ್ತವೆ. ರೊಬಸ್ಟಾ ಕಾಯಿ ಕಚ್ಚಲು ಬೇರೆ ಗಿಡದ ಪರಾಗ ಬೇಕೇ ಬೇಕು. ನಿಮ್ಮ ಚಪ್ಪರದಲ್ಲಿ ಸತ್ತ ಜೇನು ಪಕ್ಕದ ತೋಟದ ಫಸಲಿಗೂ ನಷ್ಟ.

ಪ್ರಶ್ನೆ: ಮನೆ ಸುತ್ತಿನ ಸಿಲ್ವರ್ ಮರಗಳಿಗೆ ಹಬ್ಬಿಸಲು ಕಾಳುಮೆಣಸಿನ ಬಳ್ಳಿ ತುಂಡುಗಳನ್ನು ಕವರಿಗೆ ನೆಟ್ಟೆವು. ಅರ್ಧಕ್ಕರ್ಧ ಕೊಳೆತವು. ಬದುಕಿದ ಕೆಲವು ಮೇಲೆ ಹತ್ತುವುದೇ ಇಲ್ಲ, ಪೊದೆಯಂತೆ ನಿಂತಿವೆ.
– ಓದುಗರು, ನಾಪೋಕ್ಲು

ಉತ್ತರ: ಹತ್ತದೆ ನಿಂತವು ಬಹುಶಃ ಅಡ್ಡ ಕವಲಿನ ತುಂಡುಗಳು. ಗೆರೆ (ಕಾಳಿನ ತೆನೆ) ಬಿಡುವ ಆ ಕವಲನ್ನು ನೆಟ್ಟರೆ ಅದು ಪೊದೆ ಮೆಣಸಾಗಿಯೇ ಉಳಿಯುತ್ತದೆ. ದೊಡ್ಡ ಕುಂಡಕ್ಕೆ ಬದಲಿಸಿ, ಅಡುಗೆಮನೆ ಬಾಗಿಲಲ್ಲಿಟ್ಟರೆ ಹಸಿ ಕಾಳುಮೆಣಸು ಸಿಗುತ್ತದೆ. ಮರಕ್ಕೆ ಹತ್ತಿಸಲು ಬುಡದಿಂದ ನೆಲದ ಮೇಲೆ ಹರಿಯುವ ಹಬ್ಬು ಬಳ್ಳಿಯೇ ಬೇಕು. ಇದನ್ನು ಕತ್ತರಿಸುವ ಕಾಲ ಫೆಬ್ರವರಿ, ಮಾರ್ಚ್. ಹಬ್ಬು ನೆಲದಲ್ಲಿ ಬೇರು ಬಿಟ್ಟಿದ್ದರೆ ಬೇಡ. ಮುಂದಿನ ವರ್ಷಕ್ಕೆ ಈಗಲೇ ಗೂಟ ನೆಟ್ಟು, ಹೊಸ ಹಬ್ಬುಗಳು ಬಂದಂತೆ ಅದಕ್ಕೆ ಸುರುಳಿ ಸುತ್ತಿಡಿ.

ಐದು ವರ್ಷ ದಾಟಿದ, ಪ್ರತಿವರ್ಷ ಚೆನ್ನಾಗಿ ಬಿಡುವ ಬಳ್ಳಿ ಆರಿಸಿ. ಸೊರಗು ಬಂದ ಬಳ್ಳಿಯ ಅಕ್ಕಪಕ್ಕದ್ದು ಎಷ್ಟೇ ಚೆಂದ ಕಂಡರೂ ಬಿಡಿ, ರೋಗ ತುಂಡಿನೊಂದಿಗೇ ಬರುತ್ತದೆ. ಹಬ್ಬಿನ ಎಳೆ ತುದಿ ಕೊಳೆಯುತ್ತದೆ, ಬುಡದ ಗಟ್ಟಿ ಭಾಗ ಬೇರು ಬಿಡಲು ತಡಮಾಡುತ್ತದೆ, ನಡುವಿನ ಮೂರನೇ ಒಂದು ಪಾಲು ಮಾತ್ರ ತೆಗೆದುಕೊಳ್ಳಿ. ಎರಡು ಮೂರು ಗೆಣ್ಣಿನ ತುಂಡು ಮಾಡಿ, ಎಲೆ ಕತ್ತರಿಸಿ ತೊಟ್ಟು ಉಳಿಸಿ. 20 ಸೆಂ.ಮೀ. ಎತ್ತರ, 10 ಸೆಂ.ಮೀ. ಅಗಲದ ಕವರಿನಲ್ಲಿ ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ. ಹಸಿ ಸಗಣಿ ಹಾಕಿದ ಕವರಿನಲ್ಲಿ ಕೊಳೆತ ಖಂಡಿತ. ಕನಿಷ್ಠ ಒಂದು ಗೆಣ್ಣು ಮಣ್ಣಿನೊಳಗಿರಲಿ, ಸುತ್ತ ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಗಾಳಿ ಉಳಿದರೆ ಬೇರು ಬರುವುದಿಲ್ಲ.

ತಳದ ತೂತುಗಳು ನಿಜಕ್ಕೂ ತೆರೆದಿವೆಯೇ ಎಂದು ಒಂದೊಂದೇ ಕವರ್ ನೋಡಿ. ಅಂಗಡಿಯ ಕವರಿನಲ್ಲಿ ತೂತಿನ ಪ್ಲಾಸ್ಟಿಕ್ ಚೂರು ಅಂಟಿಕೊಂಡೇ ಇರುವುದುಂಟು. ನೆರಳಿನಲ್ಲಿಟ್ಟು, ದಿನಕ್ಕೆ ಎರಡು ಮೂರು ಸಲ ಹನಿಯಾಗಿ ಚಿಮುಕಿಸಿ, ಆದರೆ ಕವರಿನ ಮಣ್ಣು ಹಿಂಡಿದರೆ ನೀರು ಇಳಿಯುವಷ್ಟು ನೆನೆಯಬಾರದು. ಹೊಸ ಎಲೆ ಬಂತೆಂದು ಎಳೆದು ನೋಡಬೇಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮರದ ಉತ್ತರ ಬದಿಯಲ್ಲಿ, ಬುಡದಿಂದ ಒಂದಡಿ ದೂರ ನೆಡಿ.

ಪ್ರಶ್ನೆ: ಹೈಡ್ರೇಂಜಿಯ ಪೊದೆ ಎರಡು ವರ್ಷದಿಂದ ಹೂ ಬಿಟ್ಟಿಲ್ಲ. ಪ್ರತಿ ಫೆಬ್ರವರಿಯಲ್ಲಿ ಅಚ್ಚುಕಟ್ಟಾಗಿ ಕತ್ತರಿಸುತ್ತೇವೆ.
– ಓದುಗರು, ಮಡಿಕೇರಿ

ಉತ್ತರ: ಆ ಕತ್ತರಿಯೇ ಕಾರಣ. ನಮ್ಮ ಮನೆಗಳಲ್ಲಿರುವ ದೊಡ್ಡೆಲೆಯ ಹೈಡ್ರೇಂಜಿಯ ಹಿಂದಿನ ವರ್ಷದ ಕಡ್ಡಿಯ ತುದಿಯಲ್ಲಿ ಮೊಗ್ಗು ಕಟ್ಟಿಟ್ಟುಕೊಂಡಿರುತ್ತದೆ. ಫೆಬ್ರವರಿಯಲ್ಲಿ ತುದಿ ಕತ್ತರಿಸಿದರೆ ಆ ವರ್ಷದ ಹೂವೇ ಹೋಯಿತು. ಈಗ ಒಣಗಿದ, ಪೆನ್ಸಿಲಿಗಿಂತ ಸಣ್ಣ ಕಡ್ಡಿಗಳನ್ನು ಮಾತ್ರ ಬುಡದಿಂದ ತೆಗೆಯಿರಿ. ಸವರುವುದಿದ್ದರೆ ಹೂ ಬಾಡಿದ ಕೂಡಲೇ, ಹೂವಿನ ಕೆಳಗಿನ ದಪ್ಪ ಜೋಡಿ ಮೊಗ್ಗಿನ ಮೇಲಕ್ಕೆ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಬೇರಿಗೆ ಸಿಗುವುದರಿಂದ ಮಡಿಕೇರಿಯ ಹೂ ನೀಲಿ. ಸಿಮೆಂಟ್ ಗೋಡೆ ಪಕ್ಕದ ಗಿಡ ಗುಲಾಬಿ ಬಣ್ಣಕ್ಕೆ ತಿರುಗಿದರೆ ಗೋಡೆಯ ಸುಣ್ಣ ಮಣ್ಣಿಗಿಳಿದಿದೆ, ರೋಗವಲ್ಲ.

ಪ್ರಶ್ನೆ: ಆಂಥೂರಿಯಂ ಎಲೆಯ ನಡುವೆ ಕಂದು ಮಚ್ಚೆ ಬಂದು ಒಣಗುತ್ತಿದೆ.
– ಓದುಗರು, ವಿರಾಜಪೇಟೆ

ಉತ್ತರ: ಎಲೆಯ ನಡುವೆ ಒಣಗಿದ್ದರೆ ಬಿಸಿಲು, ಅಂಚು ಒಣಗಿದ್ದರೆ ನೀರಿನ ಕೊರತೆ ಅಥವಾ ಗೊಬ್ಬರದ ಉಪ್ಪು. ಎಲೆ ಉದುರಿಸಿದ ಮರದ ಕೆಳಗಿನ ಕುಂಡಗಳಿಗೆ ಈಗ ನೆರಳಿಲ್ಲ, 75 ಶೇಕಡ ನೆರಳು ಬಲೆ ಕಟ್ಟಿ. ಬೆಳಿಗ್ಗೆ, ಮಧ್ಯಾಹ್ನ ಎಲೆ ಮೇಲೆ ನೀರು ಚಿಮುಕಿಸಿ, ಸಂಜೆ ಬೇಡ. ರಾತ್ರಿಯಿಡೀ ಒದ್ದೆಯಿದ್ದರೆ ಎಲೆ ಕೊಳೆಯುವ ರೋಗ ಹರಡುತ್ತದೆ. ಕಾಂಡದಲ್ಲಿ ಕಾಣುವ ಬೇರುಗಳಿಗೆ ನೆನೆಸಿದ ತೆಂಗಿನ ನಾರು ಸುತ್ತಿ.

ಪ್ರಶ್ನೆ: ಮೊದಲ ಮಳೆಯಾದ ರಾತ್ರಿಯೇ ದೊಡ್ಡ ಬಸವನಹುಳುಗಳು ಸೊಪ್ಪಿನ ಮಡಿಯನ್ನೆಲ್ಲ ತಿಂದುಹಾಕುತ್ತವೆ. ಉಪ್ಪು ಚೆಲ್ಲಿದರೆ ಸಾಕೇ?
– ಓದುಗರು, ಶನಿವಾರಸಂತೆ

ಉತ್ತರ: ಮಡಿಗೆ ಉಪ್ಪು ಚೆಲ್ಲಿದರೆ ಹುಳುವಿಗಿಂತ ಸೊಪ್ಪು ಮೊದಲು ಸಾಯುತ್ತದೆ. ಆಫ್ರಿಕನ್ ಬಸವನಹುಳು ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ಕಲ್ಲು ಸಂದಿ, ಸೌದೆ ರಾಶಿ, ತರಗಿನ ಕೆಳಗೆ ಮಲಗಿರುತ್ತದೆ. ಒಂದೊಂದೂ ನೂರಾರು ಮೊಟ್ಟೆಯಿಡುವುದರಿಂದ, ಮಳೆಗೆ ಮುಂಚೆ ಹೆಕ್ಕಿದ ಒಂದು ಹುಳು ಮಳೆಯ ನಂತರದ ನೂರಕ್ಕೆ ಸಮ. ಮಳೆ ಬಿದ್ದ ಮೇಲೆ ಸಂಜೆ ಮಡಿ ಅಂಚಿನಲ್ಲಿ ಒದ್ದೆ ಗೋಣಿಚೀಲ ಹಾಸಿ, ಕೆಳಗೆ ಪಪ್ಪಾಯಿ ಎಲೆ ಇಡಿ. ಬಿಸಿಲೇರುವ ಮೊದಲು ಎತ್ತಿ ಹೆಕ್ಕಿ, ಗಟ್ಟಿ ಉಪ್ಪುನೀರಿನ ಬಕೆಟ್‌ಗೆ ಹಾಕಿ, ದೂರ ಗುಂಡಿ ತೆಗೆದು ಹೂಳಿ. ಬರಿಗೈಯಲ್ಲಿ ಮುಟ್ಟಬೇಡಿ. ಮೆದುಳಿಗೆ ತೊಂದರೆ ಮಾಡುವ ಪರೋಪಜೀವಿ ಅದರಲ್ಲಿರಬಹುದು. ಮಡಿಯ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ. ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಆದರೆ ನಾಯಿ ತಿಂದರೆ ಸಾಯುತ್ತದೆ. ನಾಯಿ ಇರುವ ಮನೆಯಲ್ಲಿ ಅದು ಬೇಡವೇ ಬೇಡ.

ಪ್ರಶ್ನೆ: ಮನೆಬಳಕೆಗೆ ಚೀಲದಲ್ಲಿ ಶುಂಠಿ ಯಾವಾಗ ಹಾಕಲಿ?
– ಓದುಗರು, ಸೋಮವಾರಪೇಟೆ

ಉತ್ತರ: ಏಪ್ರಿಲ್‌ನಲ್ಲಿ ಎರಡು ಹದ ಮಳೆ ಬಿದ್ದ ಮೇಲೆ. ಎರಡು ಕಣ್ಣಿರುವ 20–25 ಗ್ರಾಂ ತುಂಡು ಮಾಡಿ, ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ (ಶಿಲೀಂಧ್ರನಾಶಕ) ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಆರಿಸಿ. ಕಣ್ಣು ಮೇಲ್ಮುಖವಾಗಿ ಎರಡು ಅಂಗುಲ ಆಳಕ್ಕೆ ಇಟ್ಟು, ಮೇಲೆ ಹಸಿರೆಲೆ ಹೊದಿಸಿ. ಚೀಲವನ್ನು ನೆಲದ ಮೇಲೆ ನೇರ ಇಡದೆ ಎರಡು ಇಟ್ಟಿಗೆ ಮೇಲಿಡಿ. ಜುಲೈ ಮಳೆಯಲ್ಲಿ ತಳದ ತೂತು ಕೆಸರಿನಿಂದ ಮುಚ್ಚಿದರೆ ಗಡ್ಡೆ ಕೊಳೆಯುತ್ತದೆ.