ಇಂಗ್ಲೆಂಡಿನಲ್ಲಿ ಕಾನೂನು ಬದಲಾದರೆ ಸಾಮಾನ್ಯ ಜನರಿಗೆ, ವ್ಯಾಪಾರಿಗಳಿಗೆ ನಿಜಕ್ಕೂ ಏನಾದರೂ ವ್ಯತ್ಯಾಸ ಆಗುತ್ತದಾ?

ಖಂಡಿತ ಆಗುತ್ತದೆ. ಬಾಡಿಗೆ ಮನೆಯನ್ನೇ ನೋಡಿ. ಮೊದಲು ಅಲ್ಲಿನ ಏಜೆಂಟರು ಬಾಡಿಗೆದಾರರ ಹಿನ್ನೆಲೆ ವಿಚಾರಿಸಲು ಒಂದು ಶುಲ್ಕ, ಕರಾರು ಪತ್ರಕ್ಕೆ ಒಂದು, ಅದನ್ನು ಮುಂದುವರಿಸಲು ಇನ್ನೊಂದು ಅಂತ ವಸೂಲಿ ಮಾಡುತ್ತಿದ್ದರು. 2019ರ ಜೂನ್ 1ರಂದು ಟೆನೆಂಟ್ ಫೀಸ್ ಆಕ್ಟ್ ಜಾರಿಗೆ ಬಂತು. ಹೊಸ ಕರಾರುಗಳಲ್ಲಿ ಇಂಥ ಶುಲ್ಕಗಳಿಗೆ ನಿಷೇಧ ಬಿತ್ತು.

ಅಡ್ವಾನ್ಸಿಗೂ ಮಿತಿ ಬಂತು. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ 5 ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಲು ಒದ್ದಾಡಿದವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಗೊತ್ತಾಗುತ್ತದೆ, ಅಲ್ವಾ? ಅಲ್ಲಿಗೆ ಓದಲು ಹೋಗುವ ನಮ್ಮ ಮಕ್ಕಳು ಇದನ್ನು ತಿಳಿದೇ ಹೋಗಬೇಕು. ಮನೆ ಹಿಡಿದಿಡಲು ಕೊಡುವ ಮುಂಗಡವೂ ಒಂದು ವಾರದ ಬಾಡಿಗೆ ಮೀರುವಂತಿಲ್ಲ.

ಏಜೆನ್ಸಿಗಳಿಗೆ ಒಂದು ಆದಾಯವೇ ಕೈತಪ್ಪಿತು. ಆ ಖರ್ಚನ್ನು ಈಗ ಮಾಲೀಕರ ಹತ್ತಿರವೇ ಕೇಳಬೇಕು. ನನಗಂತೂ ಇದೇ ಸರಿ ಅನ್ನಿಸುತ್ತದೆ. ಏಜೆಂಟರನ್ನು ಆರಿಸುವವರು ಮಾಲೀಕರೇ ತಾನೆ? ಯಾರಾದರೂ ನಿಯಮ ಮೀರಿ ಹಣ ಕೇಳಿದರೆ ಸುಮ್ನೆ ಕೊಟ್ಟುಬಿಡಬೇಡಿ, ಸ್ಥಳೀಯ ಕೌನ್ಸಿಲ್‌ಗೆ ದೂರು ಕೊಡಿ. ಆದರೆ ಈ ಕಾನೂನು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ನ ನಿಯಮಗಳು ಬೇರೆ.