ಗಂಡು ಮೀನಿನಲ್ಲಿ ಮೊಟ್ಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಇಂಗ್ಲೆಂಡಿನ ನದಿಗಳಲ್ಲಿ ಗಂಡು ಮೀನುಗಳು ಹೆಣ್ಣಾಗುತ್ತಿವೆ, ಅದಕ್ಕೆ ಗರ್ಭನಿರೋಧಕ ಮಾತ್ರೆಯೇ ಕಾರಣ ಎಂದು ಓದಿದೆ. ಇದರಲ್ಲಿ ಎಷ್ಟು ನಿಜ?
– ಓದುಗರೊಬ್ಬರು, ಮಂಡ್ಯ

ಉತ್ತರ: ಅರ್ಧ ನಿಜ. ಗಂಡು ಪೂರ್ತಿ ಹೆಣ್ಣಾಗುವುದಿಲ್ಲ. ಸೂಕ್ಷ್ಮದರ್ಶಕದಡಿ ನೋಡಿದರೆ ವೃಷಣದ ಅಂಗಾಂಶದ ನಡುವೆ ಅಲ್ಲಲ್ಲಿ ಎಳೆಯ ಮೊಟ್ಟೆಗಳು ಕಾಣುತ್ತವೆ. ಇಂಥ ಮೀನನ್ನು ಅಂತರಲಿಂಗಿ ಎನ್ನುತ್ತಾರೆ. ಲಂಡನ್ನಿನ ಉತ್ತರಕ್ಕೆ ಹರಿಯುವ ಲೀ ನದಿಯ ಬಳಿಯ ಕೊಳಚೆ ಸಂಸ್ಕರಣಾ ಕೊಳಗಳಲ್ಲಿ, ನಮ್ಮ ಗೆಂಡೆಯ ಬಳಗಕ್ಕೆ ಸೇರಿದ ರೋಚ್ ಎಂಬ ಮೀನಿನಲ್ಲಿ, 1970ರ ದಶಕದ ಕೊನೆಗೆ ಇದು ಮೊದಲು ಕಣ್ಣಿಗೆ ಬಿತ್ತು. ಕಾರಣ ತಿಳಿಯಲು ಬ್ರೂನೆಲ್ ವಿಶ್ವವಿದ್ಯಾಲಯದ ಜಾನ್ ಸಂಪ್ಟರ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳನ್ನು ಪಂಜರದಲ್ಲಿಟ್ಟು, ಸಂಸ್ಕರಣಾ ಘಟಕಗಳಿಂದ ಹೊರಬೀಳುವ ನೀರಿನಲ್ಲಿ ಕೆಲವು ವಾರ ಇಳಿಬಿಟ್ಟರು. ಅವುಗಳ ರಕ್ತದಲ್ಲಿ ವೈಟೆಲೊಜೆನಿನ್ ಎಂಬ ಪ್ರೋಟೀನು ಸಾವಿರಾರು ಪಟ್ಟು ಏರಿತ್ತು. ಇದು ಮೊಟ್ಟೆಯ ಭಂಡಾರ ಕಟ್ಟುವ ಕಚ್ಚಾವಸ್ತು: ಹೆಣ್ಣಿನ ಅಂಡಾಶಯ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನನ್ನು ಸುರಿಸಿದಾಗ ಯಕೃತ್ತು ಇದನ್ನು ತಯಾರಿಸಿ ರಕ್ತದ ಮೂಲಕ ಮೊಟ್ಟೆಗಳಿಗೆ ಕಳುಹಿಸುತ್ತದೆ. ಗಂಡಿನ ಯಕೃತ್ತಿನಲ್ಲಿಯೂ ಅದೇ ವಂಶವಾಹಿ ಇದೆ, ಆದರೆ ಅಪ್ಪಣೆ ಬರುವುದಿಲ್ಲ. ಆ ನದಿಗಳಲ್ಲಿ ಅಪ್ಪಣೆ ಹೊರಗಿನಿಂದ, ನೀರಿನ ಮೂಲಕ ಬರುತ್ತಿತ್ತು. ಬಳಸಲು ಮೊಟ್ಟೆಯಿಲ್ಲದ ಗಂಡಿನಲ್ಲಿ ಈ ಪ್ರೋಟೀನು ಅತಿಯಾಗಿ ಶೇಖರವಾದರೆ ಮೂತ್ರಪಿಂಡಕ್ಕೂ ಹಾನಿ.

ಈಗ ಮಾತ್ರೆಯ ವಿಷಯ. ಗರ್ಭನಿರೋಧಕ ಮಾತ್ರೆಯಲ್ಲಿರುವ ಎಥಿನೈಲ್ ಈಸ್ಟ್ರಡಯಾಲ್ ಎಂಬ ಕೃತಕ ಈಸ್ಟ್ರೋಜೆನ್ ಲೀಟರಿಗೆ ಒಂದೆರಡು ನ್ಯಾನೋಗ್ರಾಂನಷ್ಟಿದ್ದರೂ ಸಾಕು, ಮೀನು ಸ್ಪಂದಿಸುತ್ತದೆ. ನೂರು ಕೋಟಿ ಲೀಟರ್ ನೀರಿಗೆ ಒಂದು ಗ್ರಾಂ ಬೆರೆಸಿದರೆ ಆಗುವುದು ಲೀಟರಿಗೆ ಒಂದು ನ್ಯಾನೋಗ್ರಾಂ. ಹಾಗಿದ್ದರೂ ಮಾತ್ರೆಯೊಂದನ್ನೇ ದೂರುವುದು ಪತ್ರಿಕೆಗಳಿಗೆ ಸುಲಭವಾದ ಶೀರ್ಷಿಕೆ ಒದಗಿಸಿತೇ ಹೊರತು ನ್ಯಾಯವಲ್ಲ. ಈಸ್ಟ್ರಡಯಾಲ್ ಮತ್ತು ಈಸ್ಟ್ರೋನ್ ಎಂಬ ಸಹಜ ಹಾರ್ಮೋನುಗಳು ಎಲ್ಲರ ಮೂತ್ರದಲ್ಲಿಯೂ, ಗಂಡಸರದ್ದರಲ್ಲಿಯೂ ಇವೆ. ಗರ್ಭಿಣಿಯರಲ್ಲಿ ಬಹಳ ಹೆಚ್ಚು. ದೇಹವೇನೋ ಇವುಗಳಿಗೆ ಇನ್ನೊಂದು ಅಣುವನ್ನು ಜೋಡಿಸಿ, ನಿಷ್ಕ್ರಿಯಗೊಳಿಸಿಯೇ ಹೊರಹಾಕುತ್ತದೆ, ಆದರೆ ಚರಂಡಿಯ ಬ್ಯಾಕ್ಟೀರಿಯಾಗಳು ಆ ಜೋಡಣೆಯನ್ನು ಕಡಿದು ಹಾರ್ಮೋನಿಗೆ ಮತ್ತೆ ಜೀವ ಕೊಡುತ್ತವೆ. ಯಾರ್ಕ್‌ಷೈರಿನ ಏರ್ ನದಿಯಲ್ಲಂತೂ ಉಣ್ಣೆ ತೊಳೆಯುವ ಕಾರ್ಖಾನೆಗಳು ಬಳಸುತ್ತಿದ್ದ ಮಾರ್ಜಕದಿಂದ ಹುಟ್ಟುವ, ಈಸ್ಟ್ರೋಜೆನ್ನಿನಂತೆಯೇ ವರ್ತಿಸುವ ನೊನೈಲ್‌ಫೀನಾಲ್ ಎಂಬ ರಾಸಾಯನಿಕ ದೊಡ್ಡ ಪಾತ್ರ ವಹಿಸಿತ್ತು. 1998ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಈ ಏರ್ ಮತ್ತು ನೀನ್ ನದಿಗಳ ಕೆಲವು ಕಡೆ ಹಿಡಿದ ಗಂಡು ರೋಚ್‌ಗಳೆಲ್ಲವೂ ಅಂತರಲಿಂಗಿಗಳಾಗಿದ್ದವು.

ಪ್ರಶ್ನೆ: ಹಾಗಾದರೆ ಆ ನದಿಗಳಲ್ಲಿ ಮೀನಿನ ಸಂತತಿಯೇ ನಿಂತುಹೋಗಬೇಕಿತ್ತಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೆನಡಾದ ಒಂದು ಸರೋವರದಲ್ಲಿ ಬಹುಪಾಲು ಹಾಗೆಯೇ ಆಯಿತು. ವಾಯವ್ಯ ಒಂಟಾರಿಯೊದಲ್ಲಿ ಪ್ರಯೋಗಗಳಿಗೆಂದೇ ಮೀಸಲಿಟ್ಟ ಸರೋವರಗಳಿವೆ. ಅವುಗಳಲ್ಲಿ 260ನೆಯ ಸಂಖ್ಯೆಯದಕ್ಕೆ ಕರೆನ್ ಕಿಡ್ ಅವರ ತಂಡ 2001ರಿಂದ 2003ರವರೆಗೆ ಮೂರು ಬೇಸಿಗೆ ಎಥಿನೈಲ್ ಈಸ್ಟ್ರಡಯಾಲ್ ಬೆರೆಸಿ, ಲೀಟರಿಗೆ ಐದಾರು ನ್ಯಾನೋಗ್ರಾಂ ಇರುವಂತೆ ನೋಡಿಕೊಂಡಿತು. ಅಲ್ಪಾಯುಷಿಯಾದ ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನು ಕೆಲವೇ ವರ್ಷಗಳಲ್ಲಿ ನಿರ್ನಾಮದ ಅಂಚಿಗೆ ಬಂತು. ಹಾರ್ಮೋನು ಬೆರೆಸುವುದನ್ನು ನಿಲ್ಲಿಸಿದ ಮೇಲೆ, ನಿಧಾನವಾಗಿಯಾದರೂ, ಸಂತತಿ ಚೇತರಿಸಿಕೊಂಡಿತು.

ಇಂಗ್ಲೆಂಡಿನ ರೋಚ್ ಮಾತ್ರ ಉಳಿದುಕೊಂಡಿದೆ. ತೀವ್ರವಾಗಿ ಬಾಧಿತವಾದ ಗಂಡುಗಳ ಫಲವಂತಿಕೆ ಕುಸಿದರೂ ಅಲ್ಪಸ್ವಲ್ಪ ಬಾಧಿತವಾದವು ಮರಿ ಹುಟ್ಟಿಸಬಲ್ಲವು. 2014ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು, ದಶಕಗಳಿಂದ ಕೊಳಚೆ ನೀರಿನಲ್ಲಿಯೇ ಇರುವ ರೋಚ್ ಸಂತತಿಗಳು ಹೊರಗಿನಿಂದ ಮೀನು ಬಾರದೆಯೂ ಬಾಳುತ್ತಿವೆ ಎಂದು ತೋರಿಸಿತು. ರೋಚ್ ಹಲವು ವರ್ಷ ಬದುಕಿ ಮತ್ತೆ ಮತ್ತೆ ಮೊಟ್ಟೆಯಿಡುವ ಮೀನಾದ್ದರಿಂದ ಒಂದೆರಡು ಕೆಟ್ಟ ವರ್ಷಗಳನ್ನು ತಾಳಿಕೊಳ್ಳಬಲ್ಲದು, ಮಿನ್ನೋಗೆ ಆ ಅವಕಾಶವಿಲ್ಲ. ನದಿಯ ನೀರಿನಲ್ಲಿ ಹಾರ್ಮೋನಿನ ಪ್ರಮಾಣ ಸಾಮಾನ್ಯವಾಗಿ ಆ ಸರೋವರದಲ್ಲಿದ್ದುದಕ್ಕಿಂತ ಕಡಿಮೆ ಎಂಬುದನ್ನೂ ಗಮನಿಸಬೇಕು.

ಪ್ರಶ್ನೆ: ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಸಂಸ್ಕರಣೆಯಲ್ಲಿ ಹಾರ್ಮೋನು ಹೋಗುವುದಿಲ್ಲವೇ?
– ಓದುಗರೊಬ್ಬರು, ಕೋಲಾರ

ಉತ್ತರ: ಬಹುಪಾಲು ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. 2018ರಿಂದ ನಿಮ್ಮ ಕೆರೆಗಳಿಗೆ ಹರಿಯುತ್ತಿರುವುದು ಎರಡನೆಯ ಹಂತದವರೆಗೆ ಸಂಸ್ಕರಿಸಿದ ನೀರು. ಆ ಹಂತದಲ್ಲಿ ಕೆಲಸ ಮಾಡುವವು ಕೆಸರಿನ ಬ್ಯಾಕ್ಟೀರಿಯಾಗಳು. ಗಾಳಿಯೂದಿದ ಕೆಸರಿನಲ್ಲಿ ನೀರು ಹೆಚ್ಚು ಹೊತ್ತು ನಿಂತಷ್ಟೂ ಅವು ಸಹಜ ಈಸ್ಟ್ರೋಜೆನ್‌ಗಳನ್ನು ಚೆನ್ನಾಗಿ ಒಡೆಯುತ್ತವೆ, ಮಾತ್ರೆಯದು ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅಮೆರಿಕದ ಕೊಲರಾಡೊದ ಬೋಲ್ಡರ್ ನಗರದಲ್ಲಿ ಹಳೆಯ ಜಲ್ಲಿ ಶೋಧಕದ ಬದಲು ಇಂಥ ಕೆಸರು ವಿಧಾನ ಅಳವಡಿಸಿದ ಮೇಲೆ, ಅಲ್ಲಿಯ ನೀರಿನಲ್ಲಿಟ್ಟ ಗಂಡು ಮೀನುಗಳ ಮೇಲಿನ ಪರಿಣಾಮ ಎದ್ದು ಕಾಣುವಷ್ಟು ತಗ್ಗಿತು. ಉಳಿದದ್ದನ್ನು ತೆಗೆಯಲು ಓಜೋನ್ ಅಥವಾ ಸಕ್ರಿಯ ಇದ್ದಿಲು ಬೇಕು. ಸ್ವಿಟ್ಜರ್ಲೆಂಡ್ 2016ರಿಂದ ತನ್ನ ಆಯ್ದ ಘಟಕಗಳಿಗೆ ಇದನ್ನು ಕಡ್ಡಾಯ ಮಾಡಿದೆ. ಐರೋಪ್ಯ ಒಕ್ಕೂಟದ 2024ರ ನಿಯಮದಲ್ಲಿ ಈ ವೆಚ್ಚದ ಕನಿಷ್ಠ ಶೇ. 80ರಷ್ಟನ್ನು ಔಷಧ ಮತ್ತು ಸೌಂದರ್ಯವರ್ಧಕ ತಯಾರಕರೇ ಭರಿಸಬೇಕೆಂದಿದೆ; ಒಳ್ಳೆಯ ಪದ್ಧತಿಯೆಂದೇ ನನ್ನ ಎಣಿಕೆ.

ನಿಮ್ಮ ಕೆರೆಯ ಸ್ಥಿತಿ ತಿಳಿಯಬೇಕಾದರೆ ನೀರಿನಲ್ಲಿ ನ್ಯಾನೋಗ್ರಾಂ ಹುಡುಕುವುದಕ್ಕಿಂತ ಅಲ್ಲಿಯ ಗಂಡು ಗೆಂಡೆಗಳ ರಕ್ತದಲ್ಲಿ ವೈಟೆಲೊಜೆನಿನ್ ಇದೆಯೇ ಎಂದು ನೋಡುವುದು ಮೇಲು. ನೀರಿನ ಮಾದರಿ ಆ ಕ್ಷಣದ ಲೆಕ್ಕ ಮಾತ್ರ ಕೊಡುತ್ತದೆ, ಮೀನಾದರೋ ಹಗಲಿರುಳು ಕಿವಿರುಗಳಲ್ಲಿ ಅದೇ ನೀರನ್ನು ಹಾಯಿಸುತ್ತಿರುತ್ತದೆ. ಹೋಲಿಕೆಗೆ ಕೊಳಚೆ ನೀರು ಸೇರದ ಕೆರೆಯೊಂದರ ಮೀನುಗಳನ್ನೂ ಪರೀಕ್ಷಿಸಬೇಕು.

ಇಂಥ ನೀರು ಕುಡಿದರೆ ಗಂಡಸರಿಗೂ ಹೀಗಾಗುತ್ತದೆಯೇ ಎಂದೂ ನೀವು ಕೇಳಿದ್ದೀರಿ. ಒಂದು ಮಾತ್ರೆಯಲ್ಲಿ ಸುಮಾರು 30 ಮೈಕ್ರೋಗ್ರಾಂ ಎಥಿನೈಲ್ ಈಸ್ಟ್ರಡಯಾಲ್ ಇರುತ್ತದೆ. ಲೀಟರಿಗೆ ಒಂದು ನ್ಯಾನೋಗ್ರಾಂ ಇರುವ ನೀರಿನಿಂದ ಅಷ್ಟು ದೇಹ ಸೇರಲು 30,000 ಲೀಟರ್ ಕುಡಿಯಬೇಕು. ಆ ನೀರನ್ನು ಕುಡಿಯಬಾರದೆನ್ನಲು ರೋಗಾಣುಗಳು ಮತ್ತು ಭಾರಲೋಹಗಳೇ ಇದಕ್ಕಿಂತ ದೊಡ್ಡ ಕಾರಣ.