ಮೇ ತಿಂಗಳ ಸಂಜೆ, ಮಂಚ ಹಿಡಿದ ತಂಗಿ

ಪ್ರಶ್ನೆ: ನನ್ನ ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್. ದಿನಾ ನಡೆಯಬೇಕು ಅಂತ ಡಾಕ್ಟರು ಹೇಳಿದ್ದರು. ಮೇ ತಿಂಗಳಲ್ಲಿ ಒಂದು ಸಂಜೆ ನಡೆಯುವಾಗ ಅವಳ ಕಣ್ಣು ಮಂಜಾಯಿತು, ಮನೆಗೆ ಬಂದು ಫ್ಯಾನಿನ ಕೆಳಗೆ ಕೂತ ಮೇಲೆ ಸರಿಹೋಯಿತು. ಪಾಪ, ಅವತ್ತಿನಿಂದ ಅವಳನ್ನು ಮಂಚದಿಂದ ಇಳಿಸಿಲ್ಲ. ವ್ಯಾಯಾಮದಿಂದ ಮೆದುಳಿಗೆ ಪೆಟ್ಟಾಗುತ್ತದೆಯೇ?
- ಒಬ್ಬ ಅಣ್ಣ, ರಾಯಚೂರು

ಉತ್ತರ: ನಿಮ್ಮ ಪೂರ್ತಿ ಪತ್ರದಲ್ಲಿ 'ಪಾಪ' ನಾಲ್ಕು ಸಲ ಬಂದಿದೆ, ಎಣಿಸಿದೆ. ನಿಮ್ಮ ಕಾಳಜಿ ದೊಡ್ಡದು ಸ್ವಾಮಿ, ಆದರೆ ತಂಗಿಯನ್ನು ಮಲಗಿಸಿದ್ದು ಕಾಯಿಲೆಗಿಂತ ಜಾಸ್ತಿ ಆ ಪಾಪವೇ.

ಕಣ್ಣು ಮಂಜಾಗುವ ಈ ಕತೆಯನ್ನು 1890ರಲ್ಲೇ ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಥಾಫ್ ಬರೆದಿಟ್ಟರು. ಎಂಎಸ್‌ನಲ್ಲಿ ದೇಹದ ಕಾವಲುಪಡೆಯೇ ನರದ ಮೈಲಿನ್ ಹೊದಿಕೆಯನ್ನು ತಿನ್ನುತ್ತದೆ, ಮೇಲಿನ ರಬ್ಬರ್ ಕಿತ್ತ ವೈರಿನ ಹಾಗೆ. ಮೈ ಬಿಸಿಯಾದರೆ ಅಂಥ ನರದಲ್ಲಿ ಸಂದೇಶ ತಡವರಿಸುತ್ತದೆ, ತಣ್ಣಗಾದರೆ ಮತ್ತೆ ಹರಿಯುತ್ತದೆ. ಹೊಸ ಗಾಯವೇನಲ್ಲ. ಊಥಾಫ್ ವ್ಯಾಯಾಮವನ್ನೇ ದೂರಿದರು, ಕಳ್ಳ ಮಾತ್ರ ಬಿಸಿ! ಈ ಹೆದರಿಕೆಯಲ್ಲಿ ಎಷ್ಟೋ ದಶಕ ರೋಗಿಗಳಿಗೆ 'ಸುಮ್ನೆ ಮಲಗಿ' ಅಂದಿದ್ದೇ ಆಯಿತು. 1996ರಲ್ಲಿ ಅಮೆರಿಕದ ಯೂಟಾದ ವೈದ್ಯರು ಎಂಎಸ್ ಇದ್ದವರಿಗೆ 15 ವಾರ ವ್ಯಾಯಾಮ ಮಾಡಿಸಿ ನೋಡಿದರು. ಕಸುವು ಹೆಚ್ಚಿತು, ಮನಸ್ಸೂ ಹಗುರಾಯಿತು.

ಇನ್ನು ಮೆದುಳು. ನರಕೋಶಗಳನ್ನು ಸಾಕುವ ಬಿಡಿಎನ್‌ಎಫ್ ಎಂಬ ಪ್ರೋಟೀನ್ ವ್ಯಾಯಾಮದಿಂದ ಏರುತ್ತದೆ. ಎಂಎಸ್‌ನಂಥ ಕಾಯಿಲೆ ಬರಿಸಿದ ಇಲಿಗಳು ಚಕ್ರದಲ್ಲಿ ಓಡಿದಾಗ ಕಾಯಿಲೆಯ ಜೋರು ತಗ್ಗಿದ್ದೂ ಉಂಟು. ಮನುಷ್ಯರಲ್ಲಿ ಮೆದುಳು ಕುಗ್ಗುವುದನ್ನು ಇದು ತಡೆಯುತ್ತದೆ ಅಂತ ಸಾಬೀತಾಗಿಲ್ಲ, ಒಪ್ಪಿದೆ. ಕಾಯಿಲೆ ಕೆರಳಿದ ದಿನಗಳಲ್ಲಿ ವಿಶ್ರಾಂತಿ ಬೇಕು, ಔಷಧಿ ಬಿಡುವಂತಿಲ್ಲ, ಅದೂ ಸರಿ.

ಆದರೆ ಮಲಗಿಸುವುದರ ಬೆಲೆ ನಾನು ಕಂಡಿದ್ದೇನೆ. ಕೊಪ್ಪಳದ ನಮ್ಮ ಚಿಕ್ಕಮ್ಮನಿಗೆ ಟೈಫಾಯಿಡ್ ಬಂದಾಗ ಮನೆಯವರು ಪ್ರೀತಿಯಿಂದ ಎರಡು ತಿಂಗಳು ಏಳಗೊಡಲಿಲ್ಲ. ಜ್ವರ ಬಿಟ್ಟಾಗ ಅಡುಗೆಮನೆಗೂ ಗೋಡೆ ಹಿಡಿದೇ ಹೋಗಬೇಕಿತ್ತು ಆಕೆ.

ಹಾಗಂತ ನಡೆಯೋದು ಎಲ್ಲಿ? ಫುಟ್‌ಪಾತ್ ಮೇಲೆ ಬೈಕು, ಮಿರ್ಚಿ ಬಂಡಿ, ಬಾಯಿ ತೆರೆದ ಚರಂಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ಬೇವಿನ ಮರ ಕಡಿದು ರಸ್ತೆ ಅಗಲ ಮಾಡಿ, ಮಧ್ಯೆ ಮೊಣಕಾಲೆತ್ತರದ ಗಿಡ ನೆಟ್ಟು ಬೇಲಿ ಹಾಕುತ್ತಾರೆ. ಆ ನೆರಳಿಗೆ ನಾಯಿಯೂ ಮಲಗೋದಿಲ್ಲ! ಅಲ್ವಾ?

ಇರಲಿ. ಡಾಕ್ಟರಿಗೆ ಆ ಸಂಜೆಯ ವಿಷಯ ತಿಳಿಸಿ, ಬೆಳಗಿನ ಐದೂವರೆಗೆ ನಿಮ್ಮೂರಿನ ಆಮ್ ತಲಾಬ್ ಕೆರೆ ಕಡೆ ಕರೆದೊಯ್ಯಿರಿ. ಕುತ್ತಿಗೆಗೆ ಒದ್ದೆ ಟವೆಲ್, ಕೈಯಲ್ಲಿ ತಣ್ಣೀರು, ಮೊದಲು ಹತ್ತೇ ನಿಮಿಷ. ತಣ್ಣಗಾದ ಮೇಲೂ ಕಣ್ಣು ಸರಿಹೋಗದಿದ್ದರೆ ಅದು ಬೇರೆ ಮಾತು, ಅವತ್ತೇ ಆಸ್ಪತ್ರೆಗೆ ಹೋಗಿ. ಮುಂದಿನ ಪತ್ರ ಮಾತ್ರ ಅವಳ ಕೈಯಲ್ಲೇ ಬರೆಸಿ.